ಬಸವನಹುಳುವಿನ ಮದ್ದು: ಬಿಸಿಲಿಗೆ ಪಾಸ್, ಮಳೆಗೆ ಫೇಲ್

ಆಟಿ ತಿಂಗಳಲ್ಲಿ ನಮ್ಮ ಪರ್ಕಳದ ಮನೆಯ ಬಸಳೆ ಚಪ್ಪರದ ಬುಡಕ್ಕೆ ರಾತ್ರಿ ಟಾರ್ಚ್ ಹಾಕಿದ್ರೆ ಅಂಗೈಯಷ್ಟು ದೊಡ್ಡ ಆಫ್ರಿಕನ್ ಬಸವನಹುಳು ಇಪ್ಪತ್ತು ಮೂವತ್ತು, ಬೆಳಿಗ್ಗೆ ನೋಡಿದ್ರೆ ಎಲೆ ಇಲ್ಲ, ದಂಟು ಮಾತ್ರ ಉಂಟು. ಗೊಬ್ಬರದ ಅಂಗಡಿಯಲ್ಲಿ ಇದನ್ನು ಕೊಲ್ಲುವ ಮದ್ದು ಅಂತ ಮೆಟಾಲ್ಡಿಹೈಡ್ 2.5% ಹರಳಿನ ಪ್ಯಾಕೆಟ್ ಕೊಟ್ರು. ಐದು ಸ್ಟಾರಲ್ಲಿ ಎರಡೂವರೆ ಕೊಡ್ತೇನೆ.

ಮಳೆ ಬಿಟ್ಟ ಎರಡು ದಿನ ಭಾರೀ ಕೆಲಸ ಮಾಡಿತು. ತಿಂದ ಹುಳು ಲೋಳೆಯೆಲ್ಲ ಕಾರಿ ಒಣಗಿ ಸಾಯುದು. ಮೂರನೇ ದಿನ ಜಡಿಮಳೆ ನೋಡಿ, ಹರಳು ಗಂಜಿಯಾಗಿ ಹೋಯ್ತು, ಸತ್ತಿತು ಅಂತ ಬಿಟ್ಟದ್ದು ನೀರು ಹೀರಿ ಮತ್ತೆ ಕೊಂಬು ಹೊರಗೆ ಹಾಕಿ ಹೊರಟಿತ್ತು ಮಾರಾಯ್ರೆ! ಮತ್ತೆ ಹರಳಲ್ಲಿ ಹಿಟ್ಟಿನ ವಾಸನೆ ಇರುದ್ರಿಂದ ನಾಯಿ ಮೂಸ್ತದೆ, ತಿಂದ್ರೆ ಜೀವಕ್ಕೇ ಅಪಾಯ, ಆ ಎಚ್ಚರಿಕೆಯನ್ನು ಪ್ಯಾಕೆಟಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದ್ದಾರೆ.

ಹೆಬ್ರಿಯ ಭಾವ ಉಳಿದದ್ದು ಕೇಳಿದ್ರು, ಕೊಡ್ಲಿಲ್ಲ. ಅವರ ತೋಟದ ಹಿಂದೆಯೇ ಕಾಡು, ಪಶ್ಚಿಮ ಘಟ್ಟ ಬಿಟ್ರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಇಂಡ್ರೆಲ್ಲಾ ಅಂತ ಕೆಂಪು ಮೈಯ ಬಸವನಹುಳು ಇರುದು ಇಂಥ ಘಟ್ಟದ ಕಾಡಲ್ಲೇ, ಈ ಮದ್ದಿಗೆ ನಮ್ಮದು ಯಾವುದು ಹೊರಗಿಂದು ಯಾವುದು ಅಂತ ಎಂತ ಗೊತ್ತು? "ಹಾಗಾದ್ರೆ ಇದನ್ನು ತಿನ್ನುವ ಪ್ರಾಣಿ ತಂದು ಬಿಡುದಪ್ಪ" ಅಂದ್ರು. ಅದನ್ನೂ ಮಾಡಿ ನೋಡಿದ್ದಾರೆ. ಪೆಸಿಫಿಕ್‌ನ ಮೊರೇಆ ದ್ವೀಪದಲ್ಲಿ ಇದೇ ಆಫ್ರಿಕನ್ ಹುಳುವನ್ನು ತಿನ್ಲಿಕ್ಕೆ ಅಂತ 1977ರಲ್ಲಿ ರೋಸಿ ವುಲ್ಫ್ ಸ್ನೇಲ್ ಅನ್ನುವ, ಬೇರೆ ಬಸವನಹುಳುಗಳನ್ನೇ ತಿನ್ನುವ ಬಸವನಹುಳು ತಂದು ಬಿಟ್ರು, ಅದು ಅಲ್ಲಿನದೇ ಆದ ಸಣ್ಣ ಪಾರ್ಟುಲಾ ಹುಳುಗಳನ್ನು ಹುಡುಕಿ ಹುಡುಕಿ ತಿಂದು ಹತ್ತು ವರ್ಷದಲ್ಲಿ ಕಾಡಲ್ಲಿ ಹೆಚ್ಚುಕಡಿಮೆ ಇಲ್ಲದ ಹಾಗೆ ಮಾಡಿತು. ಝೂಗಳಲ್ಲಿ ಸಾಕಿದ್ದು ಉಳಿದದ್ರಿಂದ ಈಗ ಮತ್ತೆ ತಂದು ಬಿಡ್ತಿದ್ದಾರೆ. ನಮ್ಮ ದೇಶಕ್ಕೆ ಈ ಆಫ್ರಿಕನ್ ಶನಿ ಬಂದದ್ದೂ ದ್ವೀಪದಿಂದಲೇ, 1847ರಲ್ಲಿ ಬೆನ್ಸನ್ ಅನ್ನುವವ ಮಾರಿಷಸ್‌ನಿಂದ ಕಲ್ಕತ್ತಾಗೆ ತಂದದ್ದು.

ನನಗೆ ಆಗಿಬಂದದ್ದು ಗೋಣಿಚೀಲ. ಸಂಜೆ ಒದ್ದೆ ಮಾಡಿ ಅಡಿಗೆ ಪಪ್ಪಾಯಿ ಎಲೆ ಇಟ್ರೆ ಬೆಳಿಗ್ಗೆ ಎಲ್ಲ ಅಲ್ಲೇ ಅಂಟಿಕೊಂಡಿರ್ತದೆ, ಗ್ಲೌಸ್ ಹಾಕಿ ಹೆಕ್ಕಿ ಉಪ್ಪುನೀರಿನ ಬಾಲ್ದಿಗೆ. ಬರಿಗೈ ಬೇಡ, ಮಿದುಳಿಗೆ ಏರುವ ಹುಳ ಅದ್ರಲ್ಲಿ ಇರ್ಬಹುದು. ಉಳಿದ ಅರ್ಧ ಪ್ಯಾಕೆಟ್ ಅಟ್ಟದಲ್ಲಿ ಉಂಟು, ನಾಯಿಗೆ ಸಿಕ್ಕದ ಜಾಗದಲ್ಲಿ.