ಜ್ಯೂರಿಚ್‌ನಲ್ಲಿ ಹೊಸಬರ ಪರಿಚಯ ತರಗತಿ: ಕಚೇರಿಯ ಪಾಠ ಚೆನ್ನ, ನೆಲಮಾಳಿಗೆಯ ಪಾಠ ಇಲ್ಲ

ಜ್ಯೂರಿಚ್‌ಗೆ ಬಂದಿಳಿದ ಎರಡನೆಯ ವಾರ, ಹೊಸದಾಗಿ ನೆಲೆಸುವವರಿಗೆಂದು ಖಾಸಗಿ ಸಂಸ್ಥೆಯೊಂದು ನಡೆಸುವ ಒಂದು ದಿನದ ಪರಿಚಯ ತರಗತಿಗೆ ಹಣ ಕಟ್ಟಿ ಸೇರಿದ್ದೆ. ವರ್ಷ ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಹೇಳಿಕೊಟ್ಟದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದನ್ನು ಬಿಟ್ಟಿದ್ದರು ಎಂಬುದು ಅಂದೇ ತಿಳಿಯುವ ಸಂಗತಿಯಲ್ಲ.

ಬೆಳಗಿನ ಭಾಗ ಅಚ್ಚುಕಟ್ಟಾಗಿತ್ತು. ಬಂದ 14 ದಿನಗಳೊಳಗೆ ವಾಸದ ಊರಿನ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು, 3 ತಿಂಗಳೊಳಗೆ ಆರೋಗ್ಯ ವಿಮೆ ಮಾಡಿಸಬೇಕು, ಕೊನೆಯ ದಿನದವರೆಗೆ ಕಾದರೂ ವಿಮೆಯ ಕಂತಿನ ಲೆಕ್ಕ ಬಂದ ದಿನದಿಂದಲೇ ಶುರುವಾಗುವುದರಿಂದ ಮುಂದೂಡಿ ಉಳಿಸುವುದೇನೂ ಇಲ್ಲ ಎಂಬುದನ್ನು ಗೊಂದಲವಿಲ್ಲದೆ ತಿಳಿಸಿದರು. ಹೋಟೆಲ್ ಬಿಲ್ಲಿನಲ್ಲಿ ಸೇವಾಶುಲ್ಕ 1974ರಿಂದಲೇ ಸೇರಿರುತ್ತದೆ, ಟಿಪ್ಸ್ ಕಡ್ಡಾಯವಲ್ಲ ಎಂಬ ಮಾತೂ ಬಂತು.

ಮಧ್ಯಾಹ್ನದ ಶಿಷ್ಟಾಚಾರದ ಪಾಠ ಹೇಳಿದವರು ಒಬ್ಬ ಹಿರಿಯ ಮಹಿಳೆ, ಮತ್ತು ಕೊಟ್ಟ ಹಣಕ್ಕೆ ನ್ಯಾಯ ಸಿಕ್ಕಿದ್ದು ಅಲ್ಲಿಯೇ. ಸಣ್ಣ ಅಂಗಡಿಗಾಗಲಿ, ವೈದ್ಯರ ಬಳಿ ಕಾಯುವ ಕೋಣೆಗಾಗಲಿ ಒಳಬರುವವರೇ ಮೊದಲು ‘ಗ್ರುಯೆತ್ಸಿ’ (ಇಲ್ಲಿನ ನಮಸ್ಕಾರ) ಎನ್ನಬೇಕೆಂದು ಹೇಳಿ, ಒಬ್ಬೊಬ್ಬರನ್ನೂ ಬಾಗಿಲಾಚೆ ಕಳಿಸಿ ಮತ್ತೆ ಒಳಗೆ ಕರೆದರು. ಆಮೇಲೆ ನೀರಿನ ಲೋಟಗಳನ್ನು ಕೈಗಿತ್ತು, ಲೋಟ ತಾಗಿಸುವಾಗ ಎದುರಿನವರ ಕಣ್ಣನ್ನೇ ನೋಡಬೇಕು, ಎಲ್ಲರ ಸರದಿ ಮುಗಿಯುವವರೆಗೆ ಗುಟುಕರಿಸಬಾರದು ಎಂದರು. ಹಿರಿಯರ ಮುಂದೆ ಕಣ್ಣು ತಗ್ಗಿಸುವುದೇ ಮರ್ಯಾದೆ ಎಂದು ಬೆಳೆದ ನನ್ನನ್ನು ಮೂರು ಬಾರಿ ತಿದ್ದಿದರು. ಸಮಯಪಾಲನೆಯ ಬಗ್ಗೆ ದೀರ್ಘವಾಗಿ ಹೇಳಿದ ಸಂಸ್ಥೆ ತರಗತಿಯನ್ನು ಮಾತ್ರ ಇಪ್ಪತ್ತು ನಿಮಿಷ ತಡವಾಗಿ ಮುಗಿಸಿತು ಎನ್ನುವುದು ಬೇರೆ ಮಾತು.

ನನ್ನ ದೊಡ್ಡ ಆಕ್ಷೇಪವಿರುವುದು ಬಟ್ಟೆ ಒಗೆಯುವ ಕೋಣೆಯ ವಿಷಯದಲ್ಲಿ. ಇಲ್ಲಿನ ಬಹಳಷ್ಟು ಬಾಡಿಗೆ ಕಟ್ಟಡಗಳಲ್ಲಿ ವಾಷಿಂಗ್ ಮಷಿನ್ ಮನೆಯೊಳಗಿರದೆ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಇರುತ್ತದೆ, ಯಾರ ಸರದಿ ಯಾವಾಗ ಎಂಬ ಪಟ್ಟಿ ಗೋಡೆಯ ಮೇಲಿರುತ್ತದೆ, ಮತ್ತು ನೆರೆಹೊರೆಯ ಮನಸ್ತಾಪಗಳು ಹುಟ್ಟುವುದು ಅಲ್ಲಿಯೇ. ಆದರೂ ತರಗತಿಯಲ್ಲಿ ಇದರ ಸುದ್ದಿಯೇ ಬರಲಿಲ್ಲ. ಮೊದಲ ಸರದಿಯಲ್ಲಿ ನಾನು ಬಟ್ಟೆ ತೆಗೆದುಕೊಂಡು ಮೇಲೆ ಬಂದುಬಿಟ್ಟೆ. ಸಂಜೆ ನನ್ನ ಬಾಗಿಲಿಗೆ ದುಂಡಕ್ಷರದ ಚೀಟಿ ಅಂಟಿತ್ತು, ಅದರ ಕೆಳಗೆ ಬಟ್ಟೆ ಒಣಗಿಸುವ ಡ್ರೈಯರ್‌ನ ಜಾಲರಿಯಲ್ಲಿ ನಾನು ತೆಗೆಯದೆ ಬಿಟ್ಟುಬಂದಿದ್ದ ಬೂದುಬಣ್ಣದ ನಾರಿನ ಉಂಡೆ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ತೂಗುತ್ತಿತ್ತು. ಬೈಗುಳ ಒಂದೂ ಇರಲಿಲ್ಲ. ‘ದಯವಿಟ್ಟು’ ಎರಡು ಸಲ ಇತ್ತು.

ಕಸದ ಪಾಠವೂ ಅರೆಬರೆ. ವಿಲೇವಾರಿಯ ಶುಲ್ಕ ಸೇರಿರುವ ನಗರದ ‘ಜ್ಯೂರಿ ಸಾಕ್’ ಚೀಲವನ್ನು ತೋರಿಸಿದರೇ ಹೊರತು, ಗಾಜಿನ ಬಾಟಲಿಗಳನ್ನು ಭಾನುವಾರ ಸಂಗ್ರಹ ಡಬ್ಬಿಗೆ ಹಾಕಬಾರದು, ಸದ್ದಾಗುತ್ತದೆ ಎಂದು ಹೇಳಲಿಲ್ಲ.

ನೋಂದಣಿ ಮತ್ತು ವಿಮೆಯನ್ನು ಮುಗಿಸಿಕೊಂಡವರಿಗೆ ಬೆಳಗಿನ ಭಾಗ ದಂಡ, ಮಧ್ಯಾಹ್ನದ ಭಾಗವನ್ನಷ್ಟೇ ಬಿಡಿಯಾಗಿ ಕೊಡುವ ಪದ್ಧತಿ ನಾನು ಸೇರಿದಾಗ ಇರಲಿಲ್ಲ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಅದರಲ್ಲಿ ಎರಡು ನೀರಿನ ಲೋಟ ಹಿಡಿಸಿದ ಆ ಮಹಿಳೆಗೆ.