65 ವ್ಯಾಟ್ ಲ್ಯಾಪ್‌ಟಾಪಿಗೆ 100 ವ್ಯಾಟ್ ಚಾರ್ಜರ್: ಭಯ ಬೇಡ, ಎರಡನೇ ಪೋರ್ಟ್ ಮೇಲೆ ಕಣ್ಣಿರಲಿ

"ಇಷ್ಟು ವ್ಯಾಟ್ ಹಾಕಿದ್ರೆ ಬ್ಯಾಟರಿ ಸುಟ್ಟುಹೋಗಲ್ವಾ?" ನನ್ನ ಎರಡು ಪೋರ್ಟಿನ 100 ವ್ಯಾಟ್ ಚಾರ್ಜರ್ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು. ಹೋಗಲ್ಲ. ಯುಎಸ್‌ಬಿ-ಸಿ ಪವರ್ ಡೆಲಿವರಿ ಚಾರ್ಜರ್ ಮೊದಲು ಕೊಡುವುದು ಬರೀ 5 ವೋಲ್ಟ್. ಆಮೇಲೆ ತನ್ನ ಹತ್ತಿರ 9, 15, 20 ವೋಲ್ಟ್ ಏನೇನಿದೆ ಅಂತ ತಿಳಿಸುತ್ತೆ, ಲ್ಯಾಪ್‌ಟಾಪ್ ತನಗೆ ಬೇಕಾದ್ದನ್ನು ಕೇಳಿ ಪಡೆಯುತ್ತೆ. 65 ವ್ಯಾಟ್ ಸಾಕಿದ್ದರೆ ಅಷ್ಟನ್ನೇ ಎಳೆಯುತ್ತೆ.

ನನಗೆ ಖುಷಿ ಕೊಟ್ಟಿದ್ದು ಇದು ತಣ್ಣಗಿರುವುದು. ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿದಾಗ ಹಳೇ ಚಾರ್ಜರ್ ಮುಟ್ಟೋಕಾಗದಷ್ಟು ಕಾಯ್ತಿತ್ತು. ಇದು ಬೆಚ್ಚಗಾಗುತ್ತೆ, ಅಷ್ಟೇ. ಕೇಬಲ್ ಮಾತ್ರ 5 ಆಂಪಿಯರ್‌ದೇ ಇರಲಿ. ಸಾಮಾನ್ಯ ಸಿ-ಟು-ಸಿ (ಎರಡೂ ತುದಿ ಯುಎಸ್‌ಬಿ-ಸಿ) ಕೇಬಲ್ 3 ಆಂಪಿಯರ್‌ಗೆ ನಿಲ್ಲುತ್ತೆ, ಅಂದರೆ 20 ವೋಲ್ಟ್‌ನಲ್ಲಿ 60 ವ್ಯಾಟ್. ಅಪಾಯವೇನಿಲ್ಲ, ಆದರೆ ಹೆಚ್ಚಿಗೆ ಕೊಟ್ಟ ದುಡ್ಡು ದಂಡ.

ಈಗ ಬೇಸರದ ವಿಷಯ. ಪಕ್ಕದ ಪೋರ್ಟಿಗೆ ಫೋನ್ ಚುಚ್ಚಿದ ಕೂಡಲೇ ಚಾರ್ಜರ್ ತನ್ನ ವ್ಯಾಟ್‌ಗಳನ್ನು ಎರಡೂ ಪೋರ್ಟಿಗೆ ಹೊಸದಾಗಿ ಹಂಚುತ್ತೆ. ಆ ಕ್ಷಣ ಲ್ಯಾಪ್‌ಟಾಪಿಗೆ ಕರೆಂಟ್ ಕಡಿದು, ಸ್ಕ್ರೀನ್ ಮಬ್ಬಾಗಿ, ಮತ್ತೆ ಬರುತ್ತೆ. ಬ್ಯಾಟರಿ ಇರುವುದರಿಂದ ಕೆಲಸ ನಿಲ್ಲಲ್ಲ. ಆದರೆ ನಾನು ಚಾರ್ಜರನ್ನು ಯುಎಸ್‌ಬಿ ಹಬ್ (ಒಂದೇ ಪೋರ್ಟಿಗೆ ಹಲವು ವೈರ್ ಸೇರಿಸುವ ಸಾಧನ) ಮೂಲಕ ಹಾಕಿರುತ್ತೇನೆ, ಅದೇ ಹಬ್‌ನಲ್ಲಿ ಬ್ಯಾಕಪ್ ಹಾರ್ಡ್ ಡಿಸ್ಕ್ ಇರುತ್ತೆ. ಒಮ್ಮೆ ಮನೆಯವರು ಫೋನ್ ಚಾರ್ಜಿಗೆ ಹಾಕಿದರು, ಕಾಪಿ ಆಗುತ್ತಿದ್ದ ಡಿಸ್ಕ್ ಅರ್ಧದಲ್ಲೇ ಕಳಚಿಕೊಂಡಿತು. ಫೋಟೊ ಫೋಲ್ಡರ್ ಪೂರ್ತಿ ಮತ್ತೆ ಕಾಪಿ ಮಾಡಬೇಕಾಯಿತು. ಚಾರ್ಜರಿನ ಡಬ್ಬಿಯ ಮೇಲೆ ಈ ಬಗ್ಗೆ ಒಂದಕ್ಷರ ಎಚ್ಚರಿಕೆಯೂ ಇಲ್ಲ. ಇದು ನನಗೆ ಒಪ್ಪಿಗೆಯಾಗದ ಮಾತು.

ಹಾಗಾಗಿ ಬೆಳಿಗ್ಗೆ ಕೆಲಸಕ್ಕೆ ಕೂರುವಾಗ ಮೊದಲು ಫೋನ್, ಆಮೇಲೆ ಲ್ಯಾಪ್‌ಟಾಪ್, ಕೊನೆಗೆ ಡಿಸ್ಕ್. ಕಾಪಿ ಮುಗಿಯುವ ತನಕ ಯಾವ ವೈರನ್ನೂ ಯಾರೂ ಮುಟ್ಟುವ ಹಾಗಿಲ್ಲ.

ದುಂಡು ಪಿನ್ನಿನ ಹಳೇ ಲ್ಯಾಪ್‌ಟಾಪ್ ಇರುವವರು ಈ ಧೈರ್ಯ ಮಾಡಬೇಡಿ. ಅಲ್ಲಿ ಪವರ್ ಡೆಲಿವರಿಯ ಹಾಗೆ ಕೇಳಿ ಪಡೆಯುವ ವ್ಯವಸ್ಥೆ ಇಲ್ಲ. ವೋಲ್ಟ್ ಮತ್ತು ಪಿನ್ನಿನ ಪ್ಲಸ್-ಮೈನಸ್ ಲ್ಯಾಪ್‌ಟಾಪಿನ ಲೇಬಲ್ ಜೊತೆ ಸರಿಹೊಂದಲೇಬೇಕು, ಆಂಪಿಯರ್ ಮಾತ್ರ ಜಾಸ್ತಿ ಇದ್ದರೆ ನಡೆಯುತ್ತೆ.

ಒಂದೇ ಲ್ಯಾಪ್‌ಟಾಪ್ ಇದ್ದರೆ ಒಂದೇ ಪೋರ್ಟಿನ 100 ವ್ಯಾಟ್ ಚಾರ್ಜರ್ ತಗೊಳ್ಳಿ, ಫೋನಿಗೆ ಅದರ ಹಳೇ ಚಾರ್ಜರೇ ಸಾಕು.