ಜೂನ್ ಪ್ರೈಮರಿಯ ಮುಂಚಿತ ಮತದಾನ: ಅಮ್ಮನ ಜೊತೆ ಹೋಗಿ ಬಂದೆ, 5ಕ್ಕೆ 4 ಸ್ಟಾರ್

ನ್ಯೂಜೆರ್ಸಿಯಲ್ಲಿ ಇರುವ ಕನ್ನಡದವರು, ಅದರಲ್ಲೂ ಈಚೆಗೆ ಸಿಟಿಜನ್ ಆದವರು, ದಯವಿಟ್ಟು ಪ್ರೈಮರಿಗೆ, ಅಂದರೆ ನವೆಂಬರ್ ಚುನಾವಣೆಗೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಮತದಾನಕ್ಕೆ, ಹೋಗಿ. ನವೆಂಬರ್‌ವರೆಗೆ ಕಾಯಬೇಡಿ. ನಾನು ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ, ವೋಟು ಬಂದು ಆರು ವರ್ಷ ಆಯಿತು. ಆದರೂ ಇಷ್ಟು ದಿನ ನವೆಂಬರ್‌ನಲ್ಲಿ ಮಾತ್ರ ಹೋಗುತ್ತಿದ್ದೆ. ಈ ಸಲ, ಅಂದರೆ 2025ರ ಜೂನ್‌ನಲ್ಲಿ, ಅಮ್ಮನನ್ನು ಕರೆದುಕೊಂಡು ಮಿಡ್ಲ್‌ಸೆಕ್ಸ್ ಕೌಂಟಿಯ (ನಮ್ಮ ಜಿಲ್ಲೆಯ ಥರ) ಒಂದು ಮುಂಚಿತ ಮತದಾನ ಕೇಂದ್ರಕ್ಕೆ ಹೋದೆ. ಹೋಟೆಲ್ಲಿಗೆ, ಗ್ಯಾರೇಜಿಗೆ, ದಂತವೈದ್ಯರಿಗೆ ರಿವ್ಯೂ ಬರೆಯುತ್ತೇವೆ, ನಮ್ಮ ತೆರಿಗೆ ದುಡ್ಡಿನಲ್ಲಿ ನಡೆಯುವ ಇದಕ್ಕೂ ಒಂದು ಇರಲಿ ಅಂತ ಬರೆಯುತ್ತಿದ್ದೇನೆ.

ಅಮ್ಮನಿಗೆ 67. ಮೈಸೂರಿನಲ್ಲಿ ಇದ್ದಷ್ಟು ದಿನ ಒಂದು ಚುನಾವಣೆಯನ್ನೂ ಬಿಟ್ಟವರಲ್ಲ. ಇಲ್ಲಿ ಸಿಟಿಜನ್ ಆದ ಮೇಲೆ ಇದು ಅವರ ಮೊದಲ ವೋಟು. ಮೇ ತಿಂಗಳಲ್ಲಿ ಮನೆಗೆ ಮಾದರಿ ಮತಪತ್ರ ಬಂತು. ಸ್ಯಾಂಪಲ್ ಬ್ಯಾಲೆಟ್ ಅಂತಾರಲ್ಲ, ಅದು. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ನೋಡಿ, "ಇದೇನು, ಗವರ್ನರ್ ಜಾಗಕ್ಕೆ ಒಂದೇ ಪಕ್ಷದಿಂದ ಆರು ಜನ ನಿಂತಿದ್ದಾರಲ್ಲ?" ಅಂದರು. ಹೌದು, ಡೆಮಾಕ್ರಟಿಕ್ ಪಕ್ಷದಲ್ಲಿ ಆರು ಜನ, ರಿಪಬ್ಲಿಕನ್ ಪಕ್ಷದಲ್ಲಿ ಐದು ಜನ. ಆಗಿನ ಗವರ್ನರ್ (ಇಲ್ಲಿ ಅದು ನಮ್ಮ ಮುಖ್ಯಮಂತ್ರಿಯ ಥರದ ಹುದ್ದೆ) ಫಿಲ್ ಮರ್ಫಿ ಸತತ ಎರಡು ಅವಧಿ ಮುಗಿಸುತ್ತಿದ್ದರಿಂದ ಮತ್ತೆ ನಿಲ್ಲುವ ಹಾಗಿರಲಿಲ್ಲ, ಕುರ್ಚಿ ಖಾಲಿ ಇತ್ತು. "ಇವರಲ್ಲಿ ಯಾರಿಗೆ ಟಿಕೆಟ್ ಅಂತ ಯಾರು ಹೇಳೋದು?" ಅಂತ ಕೇಳಿದರು. "ನೀವೇ" ಅಂದೆ. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಆ ಕಾಗದವನ್ನು ಅಡುಗೆಮನೆಯ ಟೇಬಲ್ಲಿಗೆ ತೆಗೆದುಕೊಂಡು ಹೋಗಿ, ಪೆನ್ನು ಹಿಡಿದು ಕೂತರು.

ಈ ಮಾತು ನನಗೂ ಅವತ್ತೇ ಸರಿಯಾಗಿ ತಟ್ಟಿದ್ದು. ನಮ್ಮೂರಲ್ಲಿ ಟಿಕೆಟ್ ಅಂದರೆ ಏನು? ದೆಹಲಿಯಲ್ಲಿ ಸಭೆ, ಒಂದನೇ ಪಟ್ಟಿ, ಎರಡನೇ ಪಟ್ಟಿ, ಕೊನೆಗೆ ಯಾರ ಕೈಗೆ ಬಿ ಫಾರಂ ಅಂತ ಟಿವಿಯಲ್ಲಿ ರಾತ್ರಿಯಿಡೀ ಚರ್ಚೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಅವರಿಗೇ ಬಿಜೆಪಿ ಟಿಕೆಟ್ ಸಿಗಲಿಲ್ಲ, ಅವರು ಕಾಂಗ್ರೆಸ್‌ಗೆ ಹೋಗಿ ನಿಂತು ಸೋತರು. ಟಿಕೆಟ್ ತಪ್ಪಿಸಿದ್ದು ಸರಿಯೋ ತಪ್ಪೋ ಅದು ಬೇರೆ ವಿಷಯ. ಹುಬ್ಬಳ್ಳಿಯ ಮತದಾರರನ್ನು ಆ ಹಂತದಲ್ಲಿ ಯಾರೂ ಕೇಳಲಿಲ್ಲ, ಅಷ್ಟೇ. ಎಲ್ಲ ಪಕ್ಷದಲ್ಲೂ ಇದೇ ಕಥೆ. ಜನರ ಪಾಳಿ ಬರುವುದು ಹೈಕಮಾಂಡ್ ಊಟ ಮುಗಿಸಿ ಎದ್ದ ಮೇಲೆ.

ಹಾಗಂತ ನ್ಯೂಜೆರ್ಸಿಯಲ್ಲಿ ಮೊದಲಿನಿಂದಲೂ ಎಲ್ಲ ಚೆನ್ನಾಗಿತ್ತು ಅಂದುಕೊಳ್ಳಬೇಡಿ. ಇಲ್ಲಿ ದಶಕಗಳ ಕಾಲ 'ಕೌಂಟಿ ಲೈನ್' ಅಂತ ಒಂದು ಪದ್ಧತಿ ಇತ್ತು. ಕೌಂಟಿಯ ಪಕ್ಷದ ಸಂಘಟನೆ ಯಾರಿಗೆ ಬೆಂಬಲ ಕೊಡುತ್ತದೋ ಅವರ ಹೆಸರೆಲ್ಲ ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿ ಬರುತ್ತಿತ್ತು, ದೊಡ್ಡ ಹುದ್ದೆಯಿಂದ ಊರಿನ ಕೌನ್ಸಿಲ್‌ವರೆಗೆ. ಬೆಂಬಲ ಸಿಗದವರ ಹೆಸರು ದೂರದ ಮೂಲೆಯಲ್ಲಿ ಎಲ್ಲೋ ಒಂಟಿಯಾಗಿ ಇರುತ್ತಿತ್ತು. ಕಣ್ಣಿಗೇ ಬೀಳುವುದಿಲ್ಲ, ಇನ್ನು ವೋಟು ಬೀಳುವುದು ಹೇಗೆ? 21 ಕೌಂಟಿಗಳಲ್ಲಿ 19ರಲ್ಲಿ ಹೀಗೇ ಇತ್ತು. ಇದು ಇಲ್ಲಿನ ಬಿ ಫಾರಂ ಅಂತಲೇ ಹೇಳಬಹುದು. 2024ರಲ್ಲಿ ಡೆಮಾಕ್ರಟಿಕ್ ಪಕ್ಷದ ಆಂಡಿ ಕಿಮ್ ಅಮೆರಿಕದ ಸೆನೆಟ್‌ಗೆ ನಿಂತಾಗ ಇದರ ವಿರುದ್ಧ ಕೋರ್ಟಿಗೆ ಹೋದರು. ಆ ವರ್ಷ ಮಾರ್ಚ್ 29ರಂದು ಫೆಡರಲ್ ನ್ಯಾಯಾಧೀಶ ಜಾಹಿದ್ ಖುರೈಶಿ ಅವರು ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಲೈನ್ ಇರಬಾರದು ಅಂತ ತಡೆ ಕೊಟ್ಟರು. 2025ರ ಮಾರ್ಚ್‌ನಲ್ಲಿ ಹೊಸ ಕಾನೂನೇ ಬಂತು. ಹೀಗಾಗಿ ಈ ಸಲ ಎರಡೂ ಪಕ್ಷದ ಮತಪತ್ರದಲ್ಲಿ ಒಂದೊಂದು ಹುದ್ದೆಗೂ ಒಂದೊಂದು ಚೌಕ, ಆ ಹುದ್ದೆಗೆ ನಿಂತವರೆಲ್ಲ ಅದರೊಳಗೆ ಒಟ್ಟಿಗೆ. ಅಮ್ಮ ಯಾರ ಸಹಾಯವೂ ಇಲ್ಲದೆ ಅದನ್ನು ಓದಿಕೊಂಡರು. ಒಂದು ಸ್ಟಾರ್ ಪೂರ್ತಿ ಈ ವಿನ್ಯಾಸಕ್ಕೇ ಕೊಡುತ್ತೇನೆ.

ಹೆಸರಿನ ಜೊತೆ ಆರು ಪದ ಮೀರದ ಒಂದು ಘೋಷಣೆ ಹಾಕಿಕೊಳ್ಳಲು ಇಲ್ಲಿ ಅವಕಾಶ ಇದೆ. ಪಕ್ಷದ ಸಂಘಟನೆಯ ಬೆಂಬಲ ಇರುವವರು ಅದನ್ನು ಅಲ್ಲಿ ತೋರಿಸಿಕೊಳ್ಳಬಹುದು. ಇದು ನನಗೆ ತಪ್ಪು ಅನ್ನಿಸಲಿಲ್ಲ. ಪಕ್ಷಕ್ಕೂ ತನಗೆ ಯಾರು ಬೇಕು ಅಂತ ಹೇಳುವ ಹಕ್ಕಿದೆ. ಆದರೆ ಹೇಳಬೇಕು, ಬೇರೆಯವರನ್ನು ಮುಚ್ಚಿಡಬಾರದು.

ಇನ್ನು ಪಕ್ಷದ ಕಾರ್ಯಕರ್ತರ ಬಗ್ಗೆ. ಮೇ ಕೊನೆಯ ಶನಿವಾರ ಇಬ್ಬರು ಬಂದು ಬಾಗಿಲು ತಟ್ಟಿದರು. ಒಬ್ಬರು ನಿವೃತ್ತ ಮೇಷ್ಟ್ರ ಥರ ಇದ್ದರು, ಇನ್ನೊಬ್ಬಳು ಕಾಲೇಜು ಹುಡುಗಿ. ತುಂಬಾ ಒಳ್ಳೆಯ ಜನ. ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಇಪ್ಪತ್ತು ನಿಮಿಷ ಕೂತರು. ತಮ್ಮ ಅಭ್ಯರ್ಥಿಯ ಬಗ್ಗೆ ಹೇಳಿದ್ದು ಐದು ನಿಮಿಷ, ಉಳಿದ ಹೊತ್ತು ನಮ್ಮ ಆಸ್ತಿ ತೆರಿಗೆ, ಕರೆಂಟ್ ಬಿಲ್ಲು, ರೈಲು ತಡವಾಗುವುದು, ಇವನ್ನೆಲ್ಲ ಕೇಳಿ ಬರೆದುಕೊಂಡರು. ಊರಲ್ಲಿ ವಾರ್ಡಿನ ಕಾರ್ಯಕರ್ತರು ಮನೆಗೆ ಬಂದು ಮಾತಾಡಿಸುವ ಹಾಗೇ ಇತ್ತು ಅಂತ ಅಮ್ಮನಿಗೆ ಖುಷಿ.

ಆದರೆ ಅಂಚೆಯಲ್ಲಿ ಬಂದ ಕಾಗದಗಳು! ನಾನು ಒಂದು ಡಬ್ಬದಲ್ಲಿ ಎತ್ತಿಟ್ಟು ಎಣಿಸಿದೆ, 31 ಬಂದಿದ್ದವು. ಅದರಲ್ಲಿ ಒಂದು ಕೌಂಟಿಯಿಂದ ಬಂದ ಮಾದರಿ ಮತಪತ್ರದ ಹಾಗೇ ಕಾಣುತ್ತಿತ್ತು. ಅದೇ ಬಣ್ಣ, ಅದೇ ಥರದ ಚೌಕ, ಆದರೆ ಕೆಲವು ಹೆಸರಿನ ಮುಂದೆ ಮೊದಲೇ ಟಿಕ್ ಹಾಕಿತ್ತು. ಅಮ್ಮ ಇದನ್ನೇ ಸರ್ಕಾರದ್ದು ಅಂದುಕೊಂಡು ಪಕ್ಕಕ್ಕಿಟ್ಟಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ಯಾರು ದುಡ್ಡು ಕೊಟ್ಟಿದ್ದು ಅಂತ ಇತ್ತು, ಅದು ನನಗೆ ಕಾಣಿಸಿದ್ದು ಎರಡನೇ ಸಲ ನೋಡಿದಾಗ. ಯಾರದು ಅಂತ ಇಲ್ಲಿ ಬರೆಯುವುದಿಲ್ಲ. ಆದರೆ ವಯಸ್ಸಾದವರನ್ನು, ಹೊಸ ಮತದಾರರನ್ನು ಹೀಗೆ ಗೊಂದಲಕ್ಕೆ ಹಾಕುವುದು ನನಗೆ ಬಹಳ ಕೋಪ ತರಿಸಿತು. ನಿಮ್ಮ ಮನೆಯ ಹಿರಿಯರ ಕೈಗೆ ಬಂದ ಕಾಗದವನ್ನು ಒಮ್ಮೆ ತಿರುಗಿಸಿ ನೋಡಿ.

ಈಗ ಕೇಂದ್ರಕ್ಕೆ ಬರೋಣ. ಚುನಾವಣೆ ಜೂನ್ 10ರ ಮಂಗಳವಾರ, ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ. ಅದಕ್ಕೆ ಮೊದಲು ಜೂನ್ 3ರಿಂದ 8ರವರೆಗೆ ಮುಂಚಿತ ಮತದಾನ ಇತ್ತು. ಮಂಗಳವಾರ ಆದರೆ ನಿಮ್ಮ ಬೂತಿಗೇ ಹೋಗಬೇಕು, ಮುಂಚಿತ ಮತದಾನದಲ್ಲಿ ನಿಮ್ಮ ಕೌಂಟಿಯ ಯಾವ ಕೇಂದ್ರಕ್ಕೆ ಹೋದರೂ ನಡೆಯುತ್ತದೆ. ನಾವು ಶನಿವಾರ ಹನ್ನೊಂದಕ್ಕೆ ಹೋದೆವು. ಪಾರ್ಕಿಂಗ್ ಸುಲಭ, ಸಾಲಿನಲ್ಲಿ ನಮ್ಮ ಮುಂದೆ ನಾಲ್ಕೇ ಜನ. ಕೂರಲು ಕುರ್ಚಿ ಇತ್ತು, ಮೆಟ್ಟಿಲು ಇರಲಿಲ್ಲ, ಅಮ್ಮನ ಮಂಡಿನೋವಿಗೆ ಅದು ದೊಡ್ಡ ಉಪಕಾರ. ಬಾಗಿಲ ಹತ್ತಿರ ಯಾರೂ ಪ್ರಚಾರ ಮಾಡುತ್ತಿರಲಿಲ್ಲ. ಕನಿಷ್ಠ 100 ಅಡಿ ದೂರ ಇರಬೇಕು ಅನ್ನುವ ನಿಯಮವನ್ನು ಸರಿಯಾಗಿ ಪಾಲಿಸಿದ್ದರು.

ಒಂದು ಸ್ಟಾರ್ ಕಡಿಮೆ ಆಗಿದ್ದು ಒಳಗೆ. ಮೊದಲ ಟೇಬಲ್ಲಿನಲ್ಲಿ ಇದ್ದವರು ಅಮ್ಮನ ಹೆಸರನ್ನು ಟ್ಯಾಬ್ಲೆಟ್‌ನಲ್ಲಿ ಹುಡುಕಿ, "ನೀವು ಯಾವ ಪಕ್ಷಕ್ಕೂ ಸೇರಿಲ್ಲ, ಹಾಗಾಗಿ ಪ್ರೈಮರಿಯಲ್ಲಿ ವೋಟು ಹಾಕಲು ಆಗುವುದಿಲ್ಲ, ಏಪ್ರಿಲ್‌ನಲ್ಲೇ ಸೇರಬೇಕಿತ್ತು" ಅಂದರು. ಅಮ್ಮನ ಮುಖ ಸಣ್ಣದಾಯಿತು. ವಾರಪೂರ್ತಿ ಓದಿ, ಪಕ್ಕದಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡ ಮತಪತ್ರ ಅವರ ಕೈಚೀಲದಲ್ಲೇ ಇತ್ತು. ಟೇಬಲ್ಲಿನವರು ಹೇಳಿದ್ದು ತಪ್ಪು. ಏಪ್ರಿಲ್ 16ರ ಗಡುವು ಇದ್ದದ್ದು ಈಗಾಗಲೇ ಒಂದು ಪಕ್ಷದಲ್ಲಿ ಇದ್ದು ಇನ್ನೊಂದಕ್ಕೆ ಬದಲಾಯಿಸುವವರಿಗೆ. ಚುನಾವಣೆಗೆ 55 ದಿನ ಮೊದಲು ಅದನ್ನು ಮಾಡಬೇಕು. ಯಾವ ಪಕ್ಷದಲ್ಲೂ ಇಲ್ಲದವರು ಅಲ್ಲೇ, ಆ ಕ್ಷಣದಲ್ಲೇ, ಯಾವ ಪಕ್ಷದ ಮತಪತ್ರ ಬೇಕು ಅಂತ ಹೇಳಿ ವೋಟು ಹಾಕಬಹುದು. ನಾನು ಇದನ್ನು ಓದಿಕೊಂಡು ಹೋಗಿದ್ದರಿಂದ ಮೇಲ್ವಿಚಾರಕರನ್ನು ಕರೆಯಿರಿ ಅಂತ ಮೆತ್ತಗೆ ಕೇಳಿದೆ. ಅವರು ಬಂದು ಒಂದೇ ನಿಮಿಷದಲ್ಲಿ ಸರಿ ಮಾಡಿದರು, ಅಮ್ಮನ ಹತ್ತಿರ ಎರಡು ಸಲ ಕ್ಷಮೆ ಕೇಳಿದರು, ಆ ಟೇಬಲ್ಲಿನವರಿಗೂ ಎಲ್ಲರ ಮುಂದೆ ಗದರದೆ ಪಕ್ಕಕ್ಕೆ ಕರೆದು ಹೇಳಿಕೊಟ್ಟರು. ನಡೆದುಕೊಂಡ ರೀತಿ ಚೆನ್ನಾಗಿತ್ತು. ಆದರೆ ನಾನು ಜೊತೆಗೆ ಇರದೇ ಹೋಗಿದ್ದರೆ? ಅಮ್ಮ ಥ್ಯಾಂಕ್ಯೂ ಹೇಳಿ ಮನೆಗೆ ವಾಪಸ್ ಬರುತ್ತಿದ್ದರು. ಹಾಗೆ ಎಷ್ಟು ಜನ ವಾಪಸ್ ಹೋಗಿರಬಹುದು ಅಂತ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಪಕ್ಷೇತರರ ವಿಷಯ ತರಬೇತಿಯ ಮೊದಲ ಪಾಠ ಆಗಬೇಕು.

ಭಾಷೆಯ ವಿಷಯಕ್ಕೆ ಬಂದರೆ, ಮಿಡ್ಲ್‌ಸೆಕ್ಸ್‌ನಲ್ಲಿ ಇಂಗ್ಲಿಷ್ ಜೊತೆ ಸ್ಪ್ಯಾನಿಷ್ ಮತ್ತು ಗುಜರಾತಿ ಇದೆ. ಕನ್ನಡ ಇಲ್ಲ, ನಮ್ಮ ಸಂಖ್ಯೆಗೆ ಅದು ಸದ್ಯಕ್ಕೆ ಬರುವುದೂ ಇಲ್ಲ. ಆದರೆ ಇಂಗ್ಲಿಷ್ ಓದಲು ಕಷ್ಟ ಇರುವವರು ತಮಗೆ ಬೇಕಾದ ಒಬ್ಬರನ್ನು ಮತಯಂತ್ರದ ತನಕ ಕರೆದುಕೊಂಡು ಹೋಗಬಹುದು. ಇದು ದೇಶದ ಕಾನೂನು, 1965ರ ಮತದಾನ ಹಕ್ಕು ಕಾಯ್ದೆಯಲ್ಲೇ ಇದೆ. ಕೆಲಸ ಕೊಟ್ಟ ಮಾಲೀಕರು ಅಥವಾ ಯೂನಿಯನ್‌ನವರು ಆಗಿರಬಾರದು ಅಷ್ಟೇ. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತದೆ, ಸೂಚನೆಗಳ ಉದ್ದುದ್ದ ವಾಕ್ಯ ಅರ್ಥ ಆಗುವುದಿಲ್ಲ. ಕೇಳಿದಾಗ ಯಾವ ತಕರಾರೂ ಇಲ್ಲದೆ ನನ್ನನ್ನು ಬಿಟ್ಟರು. ನಾನು ಸೂಚನೆ ಮಾತ್ರ ಕನ್ನಡದಲ್ಲಿ ಹೇಳಿದೆ. ಆಯ್ಕೆ ಮಾಡಿದ್ದೆಲ್ಲ ಅವರೇ, ತಮ್ಮ ಟಿಪ್ಪಣಿ ನೋಡಿಕೊಂಡು. ಒತ್ತಿದ್ದು ಕಾಗದದ ಮೇಲೆ ಅಚ್ಚಾಗಿ ಬಂದಾಗ ಒಂದೊಂದು ಹೆಸರನ್ನೂ ಬೆರಳಿಟ್ಟು ತಾಳೆ ನೋಡಿದರು. ಹಿಂದೆ ನಿಂತವರು ಯಾರೂ ಅವಸರ ಮಾಡಲಿಲ್ಲ.

ಮತಪತ್ರದ ಕೊನೆಯಲ್ಲಿ ಒಂದು ಚೌಕ ಇತ್ತು, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಕೌಂಟಿ ಕಮಿಟಿ ಸದಸ್ಯರು. ನಮ್ಮ ನಾಲ್ಕಾರು ಬೀದಿಗಳಷ್ಟೇ ಇರುವ ಸಣ್ಣ ಮತಕ್ಷೇತ್ರದಿಂದ ಪಕ್ಷಕ್ಕೆ ಇಬ್ಬರು ಪ್ರತಿನಿಧಿಗಳು. ಸಂಬಳ ಇಲ್ಲ, ಹೆಸರೂ ಇಲ್ಲ. ಆದರೆ ಪಕ್ಷದ ಸ್ಥಳೀಯ ಅಧ್ಯಕ್ಷರನ್ನು ಆರಿಸುವುದು ಇವರು. ಶಾಸಕರೊಬ್ಬರು ಮಧ್ಯದಲ್ಲಿ ರಾಜೀನಾಮೆ ಕೊಟ್ಟರೆ ಆ ಜಾಗಕ್ಕೆ ತಾತ್ಕಾಲಿಕವಾಗಿ ಯಾರು ಬರಬೇಕು ಅಂತ ಸಭೆ ಸೇರಿ ವೋಟು ಹಾಕುವುದೂ ಇವರೇ. ಅಂದರೆ ಒಂದು ಲೆಕ್ಕದಲ್ಲಿ ಹೈಕಮಾಂಡ್ ಇಲ್ಲಿಂದಲೇ ಶುರು, ನಮ್ಮ ಬೀದಿಯಿಂದ. ನಮ್ಮ ಚೌಕದಲ್ಲಿ ಎರಡು ಜಾಗಕ್ಕೆ ಒಂದೇ ಹೆಸರು ಇತ್ತು! ಇನ್ನೊಂದು ಖಾಲಿ, ಬೇಕಾದವರ ಹೆಸರು ನಾವೇ ಬರೆಯಬಹುದು. ಅಮ್ಮ ಅದನ್ನು ನೋಡಿ, "ಇಷ್ಟು ಜನ ಕನ್ನಡದವರು ಇದ್ದೀರಿ, ಒಬ್ಬರಿಗೂ ಪುರುಸೊತ್ತು ಇಲ್ವಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೃಂದಾವನ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವಕ್ಕೆ ಕುರ್ಚಿ ಜೋಡಿಸಿ, ಅಡುಗೆ ಬಡಿಸಿ, ರಾತ್ರಿ ಹನ್ನೆರಡಕ್ಕೆ ಹಾಲ್ ಗುಡಿಸಿ ಹೋಗುವ ಜನ ನಾವು. ಆ ಕೆಲಸ ಬರುವವರಿಗೆ ಈ ಕೆಲಸವೂ ಬರುತ್ತದೆ.

ಫಲಿತಾಂಶ ಎಲ್ಲರಿಗೂ ಗೊತ್ತು. ಡೆಮಾಕ್ರಟಿಕ್ ಕಡೆ ಮಿಕಿ ಶೆರಿಲ್, ರಿಪಬ್ಲಿಕನ್ ಕಡೆ ಜ್ಯಾಕ್ ಚಿಟರೆಲ್ಲಿ. ಶೆರಿಲ್ ಗೆದ್ದದ್ದು ಸುಮಾರು 34 ಶೇಕಡಾ ವೋಟಿನಲ್ಲಿ. ಇಲ್ಲಿ ಎರಡನೇ ಸುತ್ತು ಇಲ್ಲ, ಜಾಸ್ತಿ ಬಂದವರೇ ಗೆದ್ದ ಹಾಗೆ. ಆರು ಜನ ಹಂಚಿಕೊಂಡಾಗ ಒಂದೊಂದು ವೋಟಿನ ತೂಕ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಅಮ್ಮ ಯಾರಿಗೆ ಹಾಕಿದರು ಅನ್ನುವುದು ಅವರ ಗುಟ್ಟು, ನಾನು ಬರೆಯುವುದಿಲ್ಲ.

ಹೋಗುವವರಿಗೆ ಎರಡು ಮಾತು. ಅಂಚೆಯಲ್ಲಿ ವೋಟು ಹಾಕುತ್ತೇನೆ ಅಂತ ಒಮ್ಮೆ ಬರೆದುಕೊಟ್ಟಿದ್ದರೆ ಕೇಂದ್ರದಲ್ಲಿ ಯಂತ್ರದ ಮೇಲೆ ಬಿಡುವುದಿಲ್ಲ, ಪ್ರೊವಿಷನಲ್ ಮತಪತ್ರ ಕೊಡುತ್ತಾರೆ. ಅದನ್ನು ಪರಿಶೀಲಿಸಿ ಆಮೇಲೆ ಎಣಿಸುತ್ತಾರೆ, ಗಾಬರಿ ಬೇಡ. ಮತ್ತೆ, ಪಕ್ಷೇತರರಾಗಿ ಹೋಗಿ ಪ್ರೈಮರಿಯಲ್ಲಿ ವೋಟು ಹಾಕಿದರೆ ಆ ಪಕ್ಷದವರು ಅಂತ ದಾಖಲಾಗುತ್ತದೆ. ಬೇಡ ಅಂದರೆ ಒಂದು ಫಾರಂ ತುಂಬಿ ವಾಪಸ್ ಪಕ್ಷೇತರರಾಗಬಹುದು. ನವೆಂಬರ್‌ನಲ್ಲಿ ಹೇಗೂ ಯಾರಿಗೆ ಬೇಕಾದರೂ ಹಾಕಬಹುದು. ಮನೆಯಲ್ಲಿ 17 ವರ್ಷದ ಮಕ್ಕಳು ಇದ್ದರೆ ಇದನ್ನೂ ಹೇಳಿ: 2026ರಿಂದ, ಆ ವರ್ಷದ ನವೆಂಬರ್ ಚುನಾವಣೆಯೊಳಗೆ 18 ತುಂಬುವವರು ಜೂನ್ ಪ್ರೈಮರಿಯಲ್ಲೇ ವೋಟು ಹಾಕಬಹುದು.

ಮುಂದಿನ ತಿಂಗಳು ನಮ್ಮೂರಿನ ಲೈಬ್ರರಿಯಲ್ಲಿ ಪಕ್ಷದ ಸ್ಥಳೀಯ ಸಮಿತಿಯ ಸಭೆ ಇದೆಯಂತೆ. ಯಾರು ಬೇಕಾದರೂ ಹಿಂದೆ ಕೂತು ಕೇಳಬಹುದು ಅಂತ ಆ ಮೇಷ್ಟ್ರು ಹೇಳಿ ಹೋಗಿದ್ದಾರೆ. ಅಮ್ಮ ಬುಧವಾರದ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟಿದ್ದಾರೆ, ಖಾಲಿ ಇರುವ ಆ ಇನ್ನೊಂದು ಜಾಗದ ಬಗ್ಗೆ ಕೇಳಬೇಕಂತೆ. ಹೋಗಿ ಬಂದ ಮೇಲೆ ಅದು ಹೇಗಿತ್ತು ಅಂತಲೂ ಬರೆಯುತ್ತೇನೆ.